ಎಂಟು ಮಾರು ರಸ್ತೆ

ಆಗ ನನಗೆ ಅರವತ್ತಮೂರು ವರ್ಷ. ಇದಾಗಿ ಏಳು ವರ್ಷ ಕಳೆಯಿತು. ಆ ಮನುಷ್ಯ ತೀರಿಕೊಂಡದ್ದು ಈ ಆಷಾಢದಲ್ಲಿ. ಸತ್ತವರನ್ನು ಹೊಗಳಲು ನನಗೆ ಬರುವುದಿಲ್ಲ. ಇದ್ದಾಗ ಬೈದದ್ದನ್ನು ಸತ್ತ ಮೇಲೆ ವಾಪಸು ತೆಗೆದುಕೊಳ್ಳುವುದೂ ನನ್ನಿಂದಾಗದು. ಕಂಡದ್ದು ಹೇಳುತ್ತೇನೆ, ಅಷ್ಟೇ.

ಹೆಸರು ಬೇಡ. ಹೇಳಿದರೂ ನಮ್ಮ ಕೇರಿಯವರಿಗೆ ಗುರುತು ಸಿಗುವುದಿಲ್ಲ. ಇಲ್ಲಿ ಅವರು ‘ನೊರೆ ಇಂಜಿನಿಯರ್’. ಸರಕಾರದ ರಸ್ತೆ ಕೆಲಸದವರು. ಊರು ಕೊಕ್ಕರ್ಣೆ ಕಡೆ. ಅಲ್ಲಿಂದ ಬ್ರಹ್ಮಾವರಕ್ಕೆ ಒಂದು ಬಸ್ಸು, ಬ್ರಹ್ಮಾವರದಿಂದ ಕುಂದಾಪುರಕ್ಕೆ ಇನ್ನೊಂದು, ಕುಂದಾಪುರದಿಂದ ನಮ್ಮ ಹೊಳೆಬದಿಗೆ ಮೂರನೆಯದು. ಇಂಜಿನಿಯರ್ ಎಂದರೆ ಜೀಪಿನಲ್ಲಿ ಬರುವವರು ಎಂದು ನಾವು ತಿಳಿದಿದ್ದೆವು. ಇವರು ಬಸ್ಸಿನಲ್ಲಿ ನಿಂತುಕೊಂಡು ಬರುತ್ತಿದ್ದರು, ಕಂಕುಳಲ್ಲಿ ಕೊಡೆ, ಕೈಯಲ್ಲಿ ಬುತ್ತಿಚೀಲ. ಇಳಿದ ಕೂಡಲೇ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು ಡಾಂಬರಿನ ಮೇಲೆ ಬರಿಗಾಲಲ್ಲಿ ನಡೆಯುವುದು. ಮಧ್ಯಾಹ್ನದ ಬಿಸಿಲಿಗೂ ಹಾಗೆಯೇ. ಮೊದಲ ಸಲ ಕಂಡಾಗ ಯಾವುದೋ ಹರಕೆ ಹೊತ್ತವರು ಎಂದುಕೊಂಡೆ.

“ರಸ್ತಿ ಎಲ್ಲ್ ಕೂತಿತ್ ಅಂದೇಳಿ ಕಣ್ಣಿಗಿಂತ ಮೊದ್ಲ್ ಅಂಗಾಲಿಗ್ ಗೊತ್ತಾತ್ತ್ ಅಕ್ಕ,” ಎಂದು ಆಮೇಲೆ ಒಮ್ಮೆ ಹೇಳಿದರು.

ನನ್ನ ಮನೆ ಆ ರಸ್ತೆಗೆ ತಾಗಿಕೊಂಡೇ ಇದೆ. ಎದುರು ರಸ್ತೆ, ಹಿಂದೆ ಹೊಳೆ, ಎರಡು ಬದಿಗೂ ಉಪ್ಪುನೀರು ನಿಂತು ಬೆಳೆಯಿಲ್ಲದೆ ಹಡಿಲು ಬಿದ್ದ ಗದ್ದೆ. ಅಪ್ಪ ಕಟ್ಟಿಸಿದ ಕಾಲಕ್ಕೆ ರಸ್ತೆಯಿಂದ ಮೂರು ಮೆಟ್ಟಿಲು ಹತ್ತಿ ಮನೆಗೆ ಬರಬೇಕಿತ್ತು. ಈಗ ನಾಲ್ಕು ಮೆಟ್ಟಿಲು ಇಳಿಯಬೇಕು. ಮನೆ ಕೆಳಗೆ ಹೋದದ್ದಲ್ಲ, ರಸ್ತೆ ಮೇಲೆ ಬಂದದ್ದು. ನಮ್ಮಲ್ಲಿ ನೆಲದಡಿ ಬರೀ ಕೆಸರು. ಬಿದಿರಿನ ಗಳ ಇಳಿಸಿದರೂ ತಳ ಸಿಗುವುದಿಲ್ಲ. ಮೇಲೆ ರಸ್ತೆ ಮಾಡಿದರೆ ಒಂದೆರಡು ಮಳೆಗಾಲಕ್ಕೆ ಕೂತು ಹೋಗುತ್ತದೆ. ಕೂತಿತು ಎಂದು ಲಾರಿಯಲ್ಲಿ ಮುರಕಲ್ಲು ಎನ್ನುವ ಕೆಂಪುಕಲ್ಲು, ಕೆಂಪುಮಣ್ಣು ತಂದು ಸುರಿಯುತ್ತಾರೆ. ಭಾರ ಹೆಚ್ಚಾಯಿತು ಎಂದು ಅದು ಇನ್ನಷ್ಟು ಕೂರುತ್ತದೆ. ಕೂತದ್ದು ಒಂದು ಗೇಣಾದರೆ ಸುರಿಯುವುದು ಎರಡು ಗೇಣು. ಹೀಗೆ ರಸ್ತೆ ನನ್ನ ಬಾಗಿಲಿಗಿಂತ ಎತ್ತರ ಆಯಿತು. ಅದರ ಭಾರಕ್ಕೆ ಎದುರಿನ ಗೋಡೆ ಬಿರುಕು ಬಿಟ್ಟಿತು. ಜಗಲಿಯಲ್ಲಿ ಕೂತರೆ ಬಸ್ಸಿನ ಚಕ್ರ ಮಾತ್ರ ಕಾಣುತ್ತದೆ. ಬಸ್ಸಿನಲ್ಲಿ ಯಾರು ಹೋದರು ಎಂದು ಚಕ್ರ ನೋಡಿ ಹೇಳಲಾಗುತ್ತದೆಯೇ? ಮಾರಿ ಹೋಗೋಣವೆಂದರೆ ಹೊಂಡವನ್ನು ಕೊಳ್ಳುವವರು ಯಾರು?

ಮನೆಯಲ್ಲಿ ಮೂರು ಜನ. ನಾನು, ನನ್ನ ತಮ್ಮ, ತಮ್ಮನ ಹೆಂಡತಿ. ಗಂಡ ಹೋದ ಮೇಲೆ ನಾನು ಅಪ್ಪನ ಮನೆಗೇ ಬಂದು ಕೂತವಳು. ತಮ್ಮ ರಸ್ತೆ ಕಂಟ್ರಾಕ್ಟರ್ ಒಬ್ಬರ ಕೈಕೆಳಗೆ ಮೇಸ್ತ್ರಿ. ಕೇರಿಯ ಹೆಂಗಸರಿಗೆ ಕೂಲಿ ಸಿಗುತ್ತಿದ್ದದ್ದು ಅವನಿಂದ, ನನಗೂ. ಈ ಮಾತು ನೆನಪಿಡಬೇಕು. ಮುಂದಿನ ಎಲ್ಲ ಇದರಿಂದಲೇ ಆದದ್ದು.

ಇಂಜಿನಿಯರ್ ಮೊದಲು ಬಂದ ದಿನ ನನ್ನನ್ನು ಕೇಳದೆ ಸೀದಾ ಅಡಿಗೆಕೋಣೆಗೆ ನುಗ್ಗಿದರು. ನಾನು ಮೀನು ಕೊಯ್ಯುತ್ತಿದ್ದೆ.

“ಹ್ವಾಯ್, ಯಾರ್ ಮರಾಯ್ರೆ ನೀವ್? ಒಲಿ ಬುಡಕ್ಕೆ ಬಪ್ಪುಕೆ ನಾಚ್ಕಿ ಇಲ್ಯಾ?”

“ಬಿರ್ಕ್ ಕಾಂಬುಕೆ ಬಂದದ್ದ್,” ಎಂದರು. ಗೋಡೆಗೆ ಮೂಗು ತಾಗಿಸಿ ನಿಂತಿದ್ದರು. “ಇದ್ ಯಾವಾಗ್ ಬಂತ್?”

“ರಸ್ತಿ ಬಂದ್ ಮೇಲೆ.”

“ರಸ್ತಿ ನಿಮ್ಮ್ ಮನೀನ್ ಎಳೀತಾ ಇತ್ತ್.”

“ಎಳ್ಕಂಡ್ ಹೋಯ್ಲಿ. ನೀವ್ ಮೊದ್ಲ್ ಹೆರ್ಗೆ ಹೋಯ್ನಿ. ಬೆಕ್ಕ್ ಬಂತಂದ್ರೆ ಮೀನಿಗ್ ಯಾರ್ ಜವಾಬ್ದಾರಿ?”

ಹೊರಗೆ ಹೋದರು. ಆದರೆ ಆ ಚಾಳಿ ಬಿಡಲಿಲ್ಲ. ಯಾರ ಮನೆಯ ಒಳಗೆ ಬೇಕಾದರೂ ಇಣುಕುವುದು, ಎದುರಿನವರು ಹೇಳುವ ಮಾತನ್ನು ತಾವೇ ಮುಗಿಸುವುದು, ಎಲ್ಲರ ಕವಳದ ತಟ್ಟೆಗೆ ಕೈ ಹಾಕುವುದು. ಅವರ ಹತ್ತಿರ ಒಂದು ದಿನವೂ ಒಂದು ಹೋಳು ಅಡಿಕೆ ಇರಲಿಲ್ಲ. ನಾಯಿ ಎಂದರೆ ಜೀವ ಹೋಗುವಷ್ಟು ಹೆದರಿಕೆ. ನಮ್ಮ ಕೇರಿಯ ಕೆಂದು ನಾಯಿಗೆ ಅದು ಹೇಗೋ ಗೊತ್ತಾಗಿ, ಬಸ್ಸಿಳಿದಲ್ಲಿಂದ ಬಸ್ಸು ಹತ್ತುವವರೆಗೆ ಅವರ ಹಿಂದೆಯೇ ಹೋಗುತ್ತಿತ್ತು. ಕೊಡೆಯನ್ನು ಹಿಂದಕ್ಕೆ ಹಿಡಿದುಕೊಂಡು ಮುಂದೆ ನಡೆಯುವ ಗಂಡಸನ್ನು ನಾನು ಅವರೊಬ್ಬರನ್ನೇ ಕಂಡದ್ದು.

ಆ ಕೊಡೆಯ ಕೋಲಿಗೆ ಬಿಳಿ ಬಣ್ಣದಲ್ಲಿ ಗೆರೆ ಹಾಕಿಕೊಂಡಿದ್ದರು, ಇಂಚಿಗೊಂದು. ಮಳೆ ಬಂದು ರಸ್ತೆಯ ತಗ್ಗಿನಲ್ಲಿ ನೀರು ನಿಂತರೆ ಕೊಡೆ ಮಡಚಿ ಅದ್ದಿ ಆಳ ನೋಡುವುದು. ತಲೆ ನೆನೆಯುತ್ತಿತ್ತು, ರಸ್ತೆಯ ಲೆಕ್ಕ ಸರಿಯಾಗುತ್ತಿತ್ತು.

ನಮ್ಮ ರಸ್ತೆ ಅವರ ಕುತ್ತಿಗೆಗೆ ಸಿಕ್ಕಿಕೊಂಡು ಆಗಲೇ ಬಹಳ ವರ್ಷ ಆಗಿತ್ತು. ಮೂರು ಸಲ ವರ್ಗ ಕೇಳಿದ್ದರಂತೆ. “ವಂಡ್ಸೆ ಬದಿಗ್ ಹಾಕ್ರೂ ಸಾಕಿತ್ತ್, ಅಲ್ಲ್ ನೆಲ ಗಟ್ಟಿ,” ಎನ್ನುತ್ತಿದ್ದರು. ಮೇಲಿನವರು, ಮೊದಲು ಆ ರಸ್ತೆ ಕೂರದ ಹಾಗೆ ನಿಲ್ಲಿಸಿ, ಆಮೇಲೆ ಎಲ್ಲಿಗಾದರೂ ಹೋಗಿ ಎಂದರಂತೆ. ನಿಲ್ಲದ ರಸ್ತೆಯನ್ನು ನಿಲ್ಲಿಸುವುದು ಹೇಗೆ? ನಿವೃತ್ತಿಗೆ ಎರಡು ವರ್ಷ ಇತ್ತು. ನಾನು ಹೊಂಡದಲ್ಲಿ, ಅವರು ಹೊಂಡದ ಮೇಲೆ. ಇಬ್ಬರಿಗೂ ಬಿಡುಗಡೆ ಇರಲಿಲ್ಲ.

ಒಂದು ದಿನ ಬುತ್ತಿಚೀಲದಿಂದ ಬೂದು ಬಣ್ಣದ ಒಂದು ಕಲ್ಲು ತೆಗೆದರು. ಮುರಕಲ್ಲಿನಷ್ಟು ದೊಡ್ಡದು, ಕೈಗೆ ತೆಗೆದುಕೊಂಡರೆ ಒಣ ತೆಂಗಿನಸಿಪ್ಪೆಯಷ್ಟು ಹಗುರ. ಕೇರಿಯ ಚಾದಂಗಡಿಯಲ್ಲಿ ಲೋಟ ತೊಳೆಯುವ ಬಾಲ್ದಿಗೆ ಹಾಕಿದರು. ಕಲ್ಲು ತೇಲಿತು. ಅಂಗಡಿಯಲ್ಲಿದ್ದವರಿಗೆಲ್ಲ ನಗು.

“ಕಲ್ಲ್ ತೇಲ್ಸ್‌ತ್ರಲೆ ಮರಾಯ್ರೆ! ಇನ್ನ್ ಲಂಕಿಗೆ ರಸ್ತಿ ಹಾಕುದೇ ಬಾಕಿ.”

“ಮಂಗಗಳ್ ಬೇಕಲ್ದಾ ಅದ್ಕೆ?”

“ಅದಕ್ಕೇ ಇಲ್ಲಿಗ್ ಬಂದದ್ದ್,” ಎಂದರು ಇಂಜಿನಿಯರ್. ನಗಲಿಲ್ಲ. ಅವರು ನಕ್ಕದ್ದನ್ನು ನಾನು ಕಂಡಿಲ್ಲ. ಅಂಗಡಿ ಮೊದಲಿಗಿಂತ ಜೋರಾಗಿ ನಕ್ಕಿತು. ‘ನೊರೆ ಇಂಜಿನಿಯರ್’ ಹುಟ್ಟಿದ್ದು ಅವತ್ತೇ. ಆ ಕಲ್ಲು ಸಿಮೆಂಟಿಗೆ ನೊರೆ ಸೇರಿಸಿ ಮಾಡಿದ್ದು ಎಂದು ಅವರೇ ಹೇಳಿದ್ದರು.

ನನಗೆ ಬಿಡಿಸಿ ಹೇಳಿದ್ದು ಬೇರೆ ರೀತಿ. ನಾನು ಹೊಳೆಯಲ್ಲಿ ಚಿಪ್ಪು ಹೆಕ್ಕಿ ಬದುಕಿದವಳು, ಮರಳು ತುಂಬುವ ದೋಣಿ ಗೊತ್ತಿದ್ದವಳು.

“ದೋಣಿಗ್ ಹೊಯ್ಗಿ ಹೆಚ್ಚ್ ತುಂಬ್ರೆ ಎಂತ ಆತ್ತ್ ಅಕ್ಕ?”

“ಮುಳುಗ್‌ತ್ತ್.”

“ಮುಳುಗ್‌ತ್ತಂದೇಳಿ ಇನ್ನೂ ಎರಡ್ ಬುಟ್ಟಿ ಹೊಯ್ಗಿ ಹಾಕ್ತ್ರಿಯಾ?”

“ನಂಗೆ ತಲಿ ಸಮ ಇತ್ತ್.”

“ನಮ್ಮ್ ಇಲಾಖಿಯವ್ರಿಗ್ ಇಲ್ಲೆ. ಇಷ್ಟ್ ವರ್ಷ ಮಾಡದ್ದ್ ಅದನ್ನೇ. ಕೆಸ್ರಿನ್ ಮೇಲೆ ಬಲ ತೋರ್ಸೂಕಾಗ. ಭಾರ ಇಳಿಸ್ಕ್.”

ಅವರ ಲೆಕ್ಕ ಇಷ್ಟೇ: ಹಳೆಯ ರಸ್ತೆಯ ಕಲ್ಲುಮಣ್ಣು ಎಲ್ಲ ಅಗೆದು ತೆಗೆಯುವುದು. ಆ ಜಾಗಕ್ಕೆ ನೊರೆಯ ಕಾಂಕ್ರೀಟು ತುಂಬುವುದು. ಮೇಲೆ ತೆಳ್ಳಗೆ ಜಲ್ಲಿ, ಡಾಂಬರು. ತೆಗೆದ ಭಾರಕ್ಕಿಂತ ಹಾಕಿದ ಭಾರ ಕಡಿಮೆಯಾದರೆ ಕೆಸರಿಗೆ ರಸ್ತೆ ಇದ್ದದ್ದೇ ಗೊತ್ತಾಗುವುದಿಲ್ಲ. ನನ್ನ ಬಾಗಿಲ ಎದುರು ರಸ್ತೆ ಎರಡು ಮೆಟ್ಟಿಲು ಇಳಿಯುತ್ತದೆ, ಆಗ ಆರಿದ್ದದ್ದು ನಾಲ್ಕಾಗುತ್ತದೆ ಎಂದೂ ಹೇಳಿದರು. ಇದು ನಿಂತರೆ ಬೈಂದೂರು ಕಡೆಯ ಇನ್ನೊಂದು ಹೊಳೆಬದಿ ರಸ್ತೆಗೂ ಇದನ್ನೇ ಹಾಕುವುದು ಎಂದು ಮಾತಾಗಿತ್ತು. ತಮ್ಮ ಹೆಸರಿನಲ್ಲಿ ಬರೆದು ಕೊಟ್ಟಿದ್ದರಂತೆ, ನಿಲ್ಲದಿದ್ದರೆ ತಪ್ಪು ನನ್ನದು ಎಂದು. ಅಂಥ ಕಾಗದ ಬುದ್ಧಿ ಇದ್ದವರು ಬರೆಯುವುದಿಲ್ಲ.

ಆ ಬೇಸಿಗೆ ಕೆಲಸ ಸುರು. ಕಂಟ್ರಾಕ್ಟರ್ ನಮ್ಮ ತಮ್ಮನ ಧಣಿಯೇ. ಮೇಸ್ತ್ರಿ ತಮ್ಮ. ನಾವು ಐದು ಹೆಂಗಸರು ಕೂಲಿಗೆ. ಒಂದು ಮಿಷನ್ ಬಂತು. ಅದರೊಳಗೆ ಸಾಬೂನಿನಂಥ ನೀರು ಹಾಕಿದರೆ ಬುಸುಬುಸು ನೊರೆ ಬರುತ್ತಿತ್ತು, ಹಾಲು ಕರೆದ ಹಾಗೆ. ಆ ನೊರೆಯನ್ನು ಸಿಮೆಂಟಿನ ಗಂಜಿಗೆ ಕೂಡಿಸಿ ದಪ್ಪ ಪೈಪಿನಲ್ಲಿ ಬಿಡುವುದು. ಹುಳಿ ಬಂದ ಇಡ್ಲಿಹಿಟ್ಟು ಹರಿದ ಹಾಗೆ ಹರಿದು ತಾನೇ ಸಮ ಆಗುತ್ತಿತ್ತು. ಒಂದು ದಿನ ಒಂದು ಪದರ, ಮರುದಿನ ಅದರ ಮೇಲೆ ಇನ್ನೊಂದು. ಅದು ತಾನೇ ಗಟ್ಟಿಯಾಗುವವರೆಗೆ ಯಾರೂ ಮುಟ್ಟಕೂಡದು ಎಂದು ಇಂಜಿನಿಯರ್ ತಮ್ಮನಿಗೆ ನನ್ನೆದುರೇ ತಾಕೀತು ಮಾಡಿದ್ದರು:

“ಹಾಕದ್ ಮೇಲೆ ಯಾರೂ ಮುಟ್ಟೂಕಾಗ. ಕುತ್ತೂಕಾಗ, ಹೊಡೂಕಾಗ. ನೀವ್ ಇಲ್ಲೇ ನಿಲ್ಕ್.”

“ಆಯ್ತ್ ಸಾರ್,” ಎಂದ ತಮ್ಮ. ಅವರ ಬೆನ್ನು ಆ ಕಡೆಗೆ ತಿರುಗಿದ ಕೂಡಲೇ, “ಹೊಡಿದೇ ಗಟ್ಟಿ ಆಪ್ದ್ ಹ್ಯಾಂಗೆ? ಇವ್ರಿಗ್ ಮರ್ಲ್,” ಎಂದ. ನನಗೂ ಹಾಗೆಯೇ ಅನ್ನಿಸಿತ್ತು.

ನನ್ನ ಮನೆ ಎದುರಿಗೆ ಹಾಕಿದ ದಿನ ಇಂಜಿನಿಯರ್‌ಗೆ ಕುಂದಾಪುರದ ಆಫೀಸಿನಲ್ಲಿ ಮೀಟಿಂಗು. ಬೆಳಿಗ್ಗೆ ನಿಂತು ಹಾಕಿಸಿ ಹೋದರು. ಊಟದ ಹೊತ್ತಿಗೆ ತಮ್ಮ, ಉಳಿದ ಗಂಡಸರು ಎಲ್ಲ ಮಾಯ. ಪಕ್ಕದೂರಿನಲ್ಲಿ ಕೋಳಿಪಡೆ ಇತ್ತು. ಕೋಳಿಗೆ ಕತ್ತಿ ಕಟ್ಟುತ್ತಾರೆ ಎಂದು ಗೊತ್ತಾದರೆ ನಮ್ಮ ಗಂಡಸರು ಹೆಣದ ಮುಂದಿನಿಂದಲೂ ಎದ್ದು ಹೋಗುವವರು. “ಅಕ್ಕ, ಒಂದ್ ಗಳಿಗಿ ಕಂಡ್ಕಣಿ, ಈಗ್ ಬತ್ತೆ,” ಎಂದು ಹೋದವನು ಕತ್ತಲಾಗುವವರೆಗೆ ಬರಲಿಲ್ಲ.

ನಾವು ಐದು ಹೆಂಗಸರು ಮರದ ನೆರಳಿನಲ್ಲಿ ಕೂತಿದ್ದೆವು. ಮೂರು ಗಂಟೆಯ ಹೊತ್ತಿಗೆ ಆ ಕೆಂದು ನಾಯಿ ಇಂಜಿನಿಯರನ್ನು ಹುಡುಕಿಕೊಂಡು ಹೊಸ ಕಾಂಕ್ರೀಟಿನ ಮೇಲೆ ಹೋಯಿತು. ಕಾಲು ಹುಗಿಯಿತು. ನಾಲ್ಕು ಕಾಲಿನ ಗುರುತೂ ಬಿತ್ತು. ನಾನು ಎದ್ದು ಬೆರಳಿಟ್ಟು ನೋಡಿದೆ. ಬೆರಳು ಇಳಿಯಿತು.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮಲ್ಲಿ ಮಳೆಗಾಲ ಕಳೆದ ಮೇಲೆ ಅಂಗಳ ಮಾಡುವುದು ಹೆಂಗಸರ ಕೆಲಸ. ಮಣ್ಣು ಹಾಕಿ, ನೀರು ಚಿಮುಕಿಸಿ, ಮರದ ಮಣೆಯಿಂದ ಹೊಡೆದು ಹೊಡೆದು ಕಲ್ಲಿನ ಹಾಗೆ ಮಾಡಬೇಕು. ಅಂಗಳದಲ್ಲಿ ಕೋಳಿ ಕಾಲಿನ ಗುರುತು ಬಿದ್ದರೂ ಆ ಮನೆಯ ಹೆಂಗಸಿಗೆ ಮರ್ಯಾದೆ ಇಲ್ಲ. ಏಳು ವರ್ಷದವಳಿಂದ ಹೊಡೆದ ಕೈ ನನ್ನದು. ನಾಯಿ ಕಾಲು ಹುಗಿಯುವ ರಸ್ತೆಯ ಮೇಲೆ ಬಸ್ಸು ಹೇಗೆ ಹೋಗುತ್ತದೆ? ಅದೂ ನನ್ನ ಮನೆ ಎದುರು.

“ಮಣಿ ತಗಬನಿ ಹೆಣ್ಗಳ್ರೆ,” ಎಂದೆ. “ಪಾಪ, ಅವ್ರ್ ಓದದ್ದ್ ಹೆಚ್ಚಾಯ್ತ್. ನಾವಾರೂ ಸಮ ಮಾಡುವ.”

ಐದು ಮಣೆ ಬಂದವು. ಸಾಲಾಗಿ ಕೂತು ಹೊಡೆದೆವು. ಹೊಡೆದ ಹಾಗೆ ಅದು ಉಸ್ ಎಂದು ಇಳಿಯುತ್ತ ಹೋಯಿತು, ಒಂದು ಗೇಣಿನಷ್ಟು. ಗುಂಡಿಯಾಯಿತಲ್ಲ ಎಂದು ಬದಿಯಲ್ಲಿದ್ದ ಮರಳು, ಜಲ್ಲಿ, ಒಂದು ಚೀಲ ಸಿಮೆಂಟು ಕಲಸಿ ತುಂಬಿದೆವು. ಅದನ್ನೂ ಹೊಡೆದೆವು. ಸಂಜೆಗೆ ಎಂಟು ಮಾರು ಉದ್ದಕ್ಕೆ ನನ್ನ ಮನೆ ಎದುರಿನ ರಸ್ತೆ ಕೋಳಿ ಕಾಲಿಗೂ ಜಗ್ಗದಷ್ಟು ಗಟ್ಟಿ. ನನಗೆ ಎಂಥ ಹೆಮ್ಮೆ ಎಂದರೆ ಬೆನ್ನು ನೋಯುತ್ತಿದ್ದದ್ದೂ ಗೊತ್ತಾಗಲಿಲ್ಲ.

ತಮ್ಮ ಬಂದವನು ಕಾಲಿನಿಂದ ಒದ್ದು ನೋಡಿ, “ಒಳ್ಳೇದೇ ಆಯ್ತ್. ಅವ್ರಿಗ್ ಹೇಳೂಕ್ ಹೋಗ್ಬೇಡಿ, ಸುಮ್ನೆ ಸಿಟ್ಟ್ ಮಾಡ್ತ್ರ್,” ಎಂದ. ಬೆಳಿಗ್ಗೆ ಇಂಜಿನಿಯರ್ ಬರುವುದರೊಳಗೆ ಅದರ ಮೇಲೆ ಮುಂದಿನ ಪದರ ಬಿದ್ದಿತ್ತು.

ನಾಲ್ಕನೆಯ ದಿನ ಅವರು ಕೊಡೆಯ ತುದಿಯಿಂದ ರಸ್ತೆಯ ಬದಿಯನ್ನು ಕುಟ್ಟುತ್ತ ಬಂದರು. ಡಬ್ ಡಬ್ ಎನ್ನುತ್ತಿದ್ದದ್ದು ನನ್ನ ಮನೆ ಎದುರು ಟಣ್ ಎಂದಿತು. ಮತ್ತೆ ಕುಟ್ಟಿದರು. ಕೂತು, ಬದಿಯನ್ನು ಕೆರೆದು, ಕಿವಿ ಇಟ್ಟರು. ಮುಖ ಬೂದಿಯಾಯಿತು.

“ಯಾರ್ ಹೊಡ್ದದ್ದ್ ಇದನ್ನ?”

ತಮ್ಮ ಆಕಾಶ ನೋಡಿದ. ನಾನು ಜಗಲಿಯಿಂದಲೇ, “ನಾನ್. ಎಂತಕ್ಕೆ?” ಎಂದೆ. ಹೊಗಳುತ್ತಾರೆ ಎಂದುಕೊಂಡಿದ್ದೆ.

“ಬುದ್ಧಿ ಇಲ್ದ ಹೆಂಗ್ಸೆ!” ಎಂದು ಕೂಗಿದರು. ಜೀವಮಾನದಲ್ಲಿ ನನ್ನ ಗಂಡನೂ ನನ್ನನ್ನು ಹಾಗೆ ಕೂಗಿದ್ದಿಲ್ಲ. “ಅದ್ರೊಳಗಿನ ಗಾಳಿಯೇ ಅದ್ರ್ ಬಲ! ನೀವ್ ಅದ್ರ್ ಜೀವ ತೆಗ್ದ್ರಿ! ಬೆಂದ ಇಡ್ಲಿಗೆ ಒನಕಿಯಲ್ಲ್ ಕುಟ್ತ್ರಿಯಾ?”

ಕೂಗಿ ಮುಗಿದ ಮೇಲೆ ಮೆಟ್ಟಿಲಿನ ಮೇಲೆ ಕೂತರು. ನಾಯಿ ಪಕ್ಕದಲ್ಲೇ ಬಂದು ಕೂತಿತು. ಅವರಿಗೆ ಅದು ಗೊತ್ತೇ ಆಗಲಿಲ್ಲ. ನನಗೆ ಅರ್ಥವಾದದ್ದು ಆಗ. ಹಗುರ ರಸ್ತೆಯ ನಡುವೆ ಎಂಟು ಮಾರು ಕಲ್ಲು ಹುಗಿದಿದ್ದೆ ನಾನು. ಅದು ಕೂರುವುದು ನನ್ನ ಮನೆಯ ಗೋಡೆಯನ್ನು ಹಿಡಿದುಕೊಂಡೇ.

ಎಂಟು ಮಾರು ಒಡೆದು ಹೊಸತು ಹಾಕಬೇಕು ಎಂದರು ಇಂಜಿನಿಯರ್. ನಮ್ಮ ಜನ ಅಲ್ಲಿಯೇ ಇದ್ದರು, ಯಾರೂ ಹೊಡೆದಿಲ್ಲ, ನಿಮ್ಮ ನೊರೆಯೇ ಸರಿಯಿಲ್ಲ ಎಂದರು ಕಂಟ್ರಾಕ್ಟರ್. ಹದಿನೈದು ದಿನ ಹಗ್ಗಜಗ್ಗಾಟ. ಒಂದು ಮಧ್ಯಾಹ್ನ ಇಂಜಿನಿಯರ್ ಒಂದು ಕಾಗದ ಬರೆದುಕೊಂಡು ನಮ್ಮ ಮನೆಗೆ ಬಂದರು. ಅದನ್ನು ನನಗೆ ಓದಿ ಹೇಳಿದರು. ಆ ದಿನ ಊಟದ ಹೊತ್ತಿನಿಂದ ಮೇಸ್ತ್ರಿ ಜಾಗದಲ್ಲಿರಲಿಲ್ಲ, ನಾನೇ ಉಳಿದ ಹೆಂಗಸರನ್ನು ಕರೆದು ಹೊಡೆಸಿದೆ, ಎಂದು ಇತ್ತು. ಸುಳ್ಳು ಒಂದು ಅಕ್ಷರ ಇರಲಿಲ್ಲ.

“ಇದ್ಕೊಂದ್ ಸೈನ್ ಹಾಕ್ರೆ ಕಂಟ್ರಾಕ್ಟರ್ ಒಡ್ದ್ ಹೊಸ್ತ್ ಹಾಕ್ಕೇ ಅಕ್ಕ. ತಪ್ಪ್ಸೂಕಾತ್ತಿಲ್ಲೆ. ನಿಮ್ಮ್ ಮನಿಯೂ ಉಳೀತ್ತ್.”

ತಮ್ಮನ ಹೆಂಡತಿ ಬಾಗಿಲಸಂದಿಯಲ್ಲಿ ನಿಂತು ಅಳುತ್ತಿದ್ದಳು. ತಮ್ಮ ಹಿಂದಿನ ದಿನವೇ ನನ್ನ ಕಾಲು ಹಿಡಿದಿದ್ದ. “ಅಕ್ಕ, ಕೋಳಿಪಡಿಗ್ ಹೋದದ್ದ್ ಗೊತ್ತಾರೆ ಧಣಿ ನಾಳೆಯೇ ತೆಗೀತ್ರ್. ನಂಗೆ ಬೇರೆ ಎಂತ ಬತ್ತ್? ಕೇರಿ ಹೆಂಗ್ಸ್ರಿಗೂ ಕೆಲ್ಸ ಇಲ್ಲೆ ಆತ್ತ್.” ಉಳಿದ ನಾಲ್ವರು ಆಗಲೇ ನಾವೇನೂ ಕಂಡಿಲ್ಲ ಎಂದಿದ್ದರು.

ನಾನು ಪೆನ್ನು ಮುಟ್ಟಲಿಲ್ಲ. “ನಂಗೆ ನೆನ್ಪಿಲ್ಲೆ,” ಎಂದೆ.

ಅವರು ನನ್ನ ಮುಖವನ್ನು ನೋಡಿದರು. ಬಹಳ ಹೊತ್ತು ನೋಡಲಿಲ್ಲ. ಕಾಗದ ಮಡಚಿ ಚೀಲಕ್ಕೆ ಹಾಕಿದರು. “ಒಂದ್ ಲೋಟ ನೀರ್ ಇತ್ತಾ?” ಎಂದರು. ಕೊಟ್ಟೆ. ಕುಡಿದು, ಲೋಟ ಕವುಚಿ ಹಾಕಿ ಹೋದರು.

ಮೊದಲ ಮಳೆಗಾಲಕ್ಕೇ ಎಂಟು ಮಾರು ಕೂತಿತು. ಉಳಿದ ರಸ್ತೆ ಕದಲಲಿಲ್ಲ. ಕುಂದಾಪುರದಿಂದಲೂ ಅದಕ್ಕೂ ಮೇಲಿನಿಂದಲೂ ಸಾಹೇಬರು ನೋಡಲು ಬಂದರು. ಜೀಪು ನಿಂತದ್ದು ನನ್ನ ಮನೆ ಎದುರು. ಅವರು ಕಂಡದ್ದು ಆ ತಗ್ಗನ್ನು ಮಾತ್ರ. ಹಲ್ಲು ಹೋದವನ ಬಾಯಿಯಲ್ಲಿ ಉಳಿದ ಹಲ್ಲನ್ನು ಯಾರು ಎಣಿಸುತ್ತಾರೆ? ಇಂಜಿನಿಯರ್ ಅವರ ಹಿಂದೆ ಬರಿಗಾಲಲ್ಲಿ ನಡೆದು ಏನೋ ಹೇಳುತ್ತಿದ್ದರು, ಯಾರೂ ಕೇಳಿಸಿಕೊಳ್ಳಲಿಲ್ಲ. ಬೈಂದೂರು ಕಡೆಯ ರಸ್ತೆಗೆ ಹಳೆಯ ಹಾಗೆ ಕಲ್ಲುಮಣ್ಣೇ ಬಿತ್ತು. ಇವರು ನಿವೃತ್ತಿಯಾದರು. ಸನ್ಮಾನ, ಹಾರ ಏನಾದರೂ ಇತ್ತೋ ಇಲ್ಲವೋ ನನಗೆ ಗೊತ್ತಿಲ್ಲ.

ಇನ್ನು ಈ ಕಡೆ ಬರುವುದಿಲ್ಲ ಎಂದುಕೊಂಡಿದ್ದೆ. ಬಂದರು. ಪ್ರತಿ ವರ್ಷ ಚೌತಿ ಕಳೆದ ಮೇಲೆ ಒಂದು ದಿನ, ಮೂರು ಬಸ್ಸು ಬದಲಿಸಿ. ತಗ್ಗಿನ ನೀರಿನಲ್ಲಿ ಕೊಡೆ ಅದ್ದುವುದು, ಜಗಲಿಯ ತುದಿಗೆ ಕೂರುವುದು.

“ಈ ವರ್ಷ ಎರಡ್ ಇಂಚ್.”

“ಹೌದಾ.”

“ಬಾಕಿ ಕಡೆ ಎಂತ ಇಲ್ಲೆ.”

“ಹ್ಞೂಂ.”

ನಮ್ಮ ಮಾತು ಇಷ್ಟೇ. ಆ ಕಾಗದದ ವಿಷಯ ಮತ್ತೆ ಒಂದು ದಿನವೂ ಎತ್ತಲಿಲ್ಲ. ಎತ್ತಿದ್ದರೆ ನಾನು ಬೈದು ಓಡಿಸಬಹುದಿತ್ತು. ಎತ್ತದೆ ಕೂತವರನ್ನು ಏನು ಮಾಡುವುದು? ನನ್ನ ಕವಳದ ತಟ್ಟೆಯಿಂದ ಅಡಿಕೆ ತೆಗೆದುಕೊಂಡು ಹೋಗುತ್ತಿದ್ದರು.

ಒಂದು ವರ್ಷ ನನ್ನ ಅಂಗಳದಲ್ಲಿ ಮೊಣಕಾಲಿನವರೆಗೆ ನೀರು. ರಸ್ತೆಯ ಮೇಲೆ ನಿಂತು ಕೆಳಗೆ ನೋಡಿದರು, ಬಸ್ಸು ಹತ್ತಿ ಹೋದರು. ಮರುವಾರ ಬಸ್ಸಿನ ಬಾಗಿಲಲ್ಲಿ ಒಂದು ಗಲಾಟೆ. ಕೊಕ್ಕರ್ಣೆಯಿಂದ ಆಳೆತ್ತರದ ಪ್ಲಾಸ್ಟಿಕ್ ಪೈಪು ಹಿಡಿದುಕೊಂಡು ಬಂದಿದ್ದರು. ಒಂದಲ್ಲ, ಎರಡು. “ಇದೆಂತ ಬಸ್ಸಾ, ಲಾರಿಯಾ?” ಎಂದು ಕಂಡಕ್ಟರ್ ಕೂಗುತ್ತಿದ್ದ. ಅಂಗಳದಿಂದ ಹೊಳೆಗೆ ತಾವೇ ಅಗೆದು ಹಾಕಿದರು. ನೀರು ಹೋಯಿತು. ಆದರೆ ಹೊಳೆಯಲ್ಲಿ ನೀರು ಏರಿದಾಗ ಅದೇ ಪೈಪಿನಿಂದ ಹಿಂದೆ ಬರುತ್ತದೆ. ಏರುವ ಹೊತ್ತಿಗೆ ಬಾಯಿಗೆ ತೆಂಗಿನಸಿಪ್ಪೆ ತುರುಕಬೇಕು, ಇಳಿಯುವ ಹೊತ್ತಿಗೆ ತೆಗೆಯಬೇಕು, ದಿನಕ್ಕೆ ಎರಡು ಸಲ. ಮಳೆಗಾಲವಿಡೀ ನಾನು ಆ ಪೈಪಿಗೆ ಕಟ್ಟಿಹಾಕಿದ ದನ. ನೆಂಟರ ಮದುವೆಗೂ ಹೋಗಿ ಒಂದು ದಿನ ನಿಲ್ಲಲಾಗಲಿಲ್ಲ. ಹಾಗೆಂದು ಮುಖಕ್ಕೇ ಹೇಳಿದೆ.

“ನೀವ್ ನಂಗೆ ಉಪಕಾರ ಮಾಡದ್ದಾ, ಶಿಕ್ಷೆ ಕೊಟ್ಟದ್ದಾ?”

“ಎರಡೂ ಅಲ್ಲ,” ಎಂದರು. “ನೀರಿಗ್ ದಾರಿ ಮಾಡದ್ದ್.”

ಈ ಚೌತಿಗೆ ಬರಲಿಲ್ಲ. ಆಷಾಢದಲ್ಲೇ ಹೋದರಂತೆ ಎಂದು ಅದೇ ಕಂಡಕ್ಟರ್ ಹೇಳಿದ. “ಪೈಪ್ ಹಿಡ್ಕಂಡ್ ಬಂದವ್ರ್, ಗೊತ್ತಾಯ್ತಾ ಅಜ್ಜಿ?” ಎಂದ. ಗೊತ್ತಾಯಿತು ಎಂದೆ. ಅಳು ಬರಲಿಲ್ಲ. ಕೆಲಸ ಬಿಟ್ಟು ಸ್ವಲ್ಪ ಹೊತ್ತು ಕೂತೆ, ನೀರು ಏರುವ ಹೊತ್ತಾಯಿತು, ಎದ್ದೆ.

ಕಾರ್ತಿಕದಲ್ಲಿ ಒಂದು ಸಂಜೆ ಆರು ಲಾರಿ ಮುರಕಲ್ಲು ಬಂದು ರಸ್ತೆಯ ಬದಿಗೆ ಬಿತ್ತು. ಏನೆಂದು ಕೇಳಿದರೆ, ನೊರೆ ಹಾಕಿದ ರಸ್ತೆ ಕೂತು ಹೋಗಿದೆ, ಆ ತುದಿಯಿಂದ ಈ ತುದಿಯವರೆಗೆ ಎರಡು ಅಡಿ ಎತ್ತರಿಸುತ್ತಾರೆ, ಬೆಳಿಗ್ಗೆ ಕೆಲಸ ಸುರು ಎಂದರು. ಕಂಟ್ರಾಕ್ಟರ್ ಹಳಬರೇ. ಮೇಸ್ತ್ರಿ ನನ್ನ ತಮ್ಮನೇ.

ಎರಡು ಅಡಿ ಎಂದರೆ ನನಗೆ ಇನ್ನೂ ಮೂರು ಮೆಟ್ಟಿಲು. ಬಸ್ಸಿನ ಚಕ್ರವೂ ಕಾಣುವುದಿಲ್ಲ. ಅದು ನನ್ನ ಪಾಲು. ಆದರೆ ಏಳು ಮಳೆಗಾಲ ಒಂದು ಬೆರಳು ಕದಲದೆ ನಿಂತ ರಸ್ತೆಯ ಮೇಲೆ ಆ ಭಾರ ಬಿದ್ದರೆ ಅದೂ ಕೂರುತ್ತದೆ. ಆಮೇಲೆ ಆ ಮನುಷ್ಯ ಹೇಳಿದ್ದು ಸುಳ್ಳೇ ಎಂದು ಆಗಿಹೋಗುತ್ತದೆ. ಸಾಕ್ಷಿಗೆ ಅವರೂ ಇಲ್ಲ.

ತಮ್ಮ ಊಟಕ್ಕೆ ಕೂತಾಗ ಹೇಳಿದೆ. “ನಾಳೆ ಬೆಳಿಗ್ಗೆ ನಾನ್ ಹೇಳ್ತೆ.”

“ಎಂತದ್?”

“ಹೊಡ್ದದ್ದ್ ನಾನ್ ಅಂದೇಳಿ.”

ಅವನು ಕೈ ತೊಳೆದ. “ಅಕ್ಕ, ಏಳ್ ವರ್ಷ ಆಯ್ತ್. ಈಗ್ ಬಾಯ್ ತೆಗ್ದ್ರೆ ನಾನ್ ಮನಿಯಲ್ಲ್ ಕೂಕಣ್ಕ್.”

“ಕೂಕೊ.”

“ಉಂಬುದ್ ಎಂತ?”

“ಇಷ್ಟ್ ವರ್ಷ ನಾನ್ ಚಿಪ್ಪ್ ಹೆಕ್ಕಿ ಉಂಡದ್ದನ್ನೇ.”

ಅವನ ಹೆಂಡತಿ ನನ್ನನ್ನು ಏನೇನೋ ಅಂದಳು. ಅಂದದ್ದರಲ್ಲಿ ತಪ್ಪಿಲ್ಲ. ಅವಳ ಗಂಡನ ಅನ್ನ ಅದು.

ಮರುದಿನ ಬೆಳಿಗ್ಗೆ ಬೆಳಕು ಹರಿದ ಕೂಡಲೇ ಎದ್ದು ಬಾಲ್ದಿಯಲ್ಲಿ ಸುಣ್ಣ ಕಲಸಿದೆ. ನಾಲ್ಕು ಮೆಟ್ಟಿಲು ಹತ್ತಿ ರಸ್ತೆಗೆ ಹೋದೆ. ಮೊದಲ ಮಣೆ ಎಲ್ಲಿ ಬಿದ್ದಿತ್ತೋ ಅಲ್ಲಿ ರಸ್ತೆಗೆ ಅಡ್ಡ ಒಂದು ಗೆರೆ ಎಳೆದೆ. ಅಲ್ಲಿಂದ ಕೈ ಚಾಚಿ ಎಂಟು ಮಾರು ಅಳೆದು ಇನ್ನೊಂದು ಗೆರೆ ಎಳೆದು ಅಲ್ಲೇ ಕೂತೆ. ಲಾರಿಯವರು ಹಾರನ್ ಹೊಡೆದರು, ಏಳಲಿಲ್ಲ. ತಮ್ಮ ಗುದ್ದಲಿ ಹಿಡಿದು ಹತ್ತು ಮಾರು ದೂರ ನಿಂತ, ಹತ್ತಿರ ಬರಲಿಲ್ಲ. ಒಂಬತ್ತೂವರೆಗೆ ಜೀಪು ಬಂತು. ಈಗಿನ ಇಂಜಿನಿಯರ್ ಒಬ್ಬಳು ಹುಡುಗಿ, ಘಟ್ಟದ ಮೇಲಿನವಳು.

“ಏನಜ್ಜಿ ಇದು?”

“ಈ ಗೆರಿಯಿಂದ ಆ ಗೆರಿವರಿಗೆ ನಂದ್. ಮಣಿ ತಕಂಡ್ ಹೊಡ್ದ್, ಜಲ್ಲಿ ತುಂಬಿ ಹಾಳ್ ಮಾಡದ್ದ್ ನಾನ್. ಅದಕ್ಕೇ ಅದ್ ಕೂತದ್ದ್. ಬಾಕಿ ರಸ್ತಿ ಎಲ್ಲ ಆ ನೊರೆ ಇಂಜಿನಿಯರ್ರದ್ದ್. ನಡ್ದ್ ಕಾಣಿ, ಚಪ್ಪಲಿ ತೆಗ್ದ್ ನಡ್ದ್ ಕಾಣಿ. ನಂದನ್ನ ಒಡೀನಿ. ಅವ್ರದ್ರ್ ಮೇಲೆ ಕಲ್ಲ್ ಹಾಕ್ಬೇಡಿ.”

ಹುಡುಗಿ ಎರಡೂ ಗೆರೆ ನೋಡಿದಳು. ಎರಡೂ ಕಡೆಗೆ ಸ್ವಲ್ಪ ದೂರ ನಡೆದು ಹೋಗಿ ಬಂದಳು. “ಇದನ್ನ ಬರೆದು ಕೊಡ್ತೀರಾ? ಆವತ್ತು ಮೇಸ್ತ್ರಿ ಎಲ್ಲಿದ್ದರು, ಯಾಕೆ ತಡೀಲಿಲ್ಲ, ಅದೂ ಬರೀಬೇಕಾಗುತ್ತೆ.”

“ನೀವೇ ಬರೀನಿ, ನಾನ್ ಸೈನ್ ಹಾಕ್ತೆ. ಮೇಸ್ತ್ರಿ ಕೋಳಿಪಡಿಗ್ ಹೋಗಿದ್ದ. ಅವ ನನ್ನ್ ತಮ್ಮ,” ಎಂದೆ. ತಮ್ಮನಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದೆ. ಬೆನ್ನ ಹಿಂದೆ ಹೇಳಿದಳು ಎಂದು ಆಗಬಾರದು.

ಅವಳು ಬರೆದು ಮುಗಿಸುವವರೆಗೆ ಬಿಸಿಲಿನಲ್ಲೇ ನಿಂತೆ. ಎರಡು ಸಲ ಓದಿಸಿದೆ. ಆಮೇಲೆ ಕಾಗದವನ್ನು ಜೀಪಿನ ಬಾನೆಟ್ಟಿನ ಮೇಲೆ ಇಟ್ಟು, ಹಾರದ ಹಾಗೆ ಎಡಗೈಯಲ್ಲಿ ಒತ್ತಿ ಹಿಡಿದು, ಒಂದೊಂದೇ ಅಕ್ಷರ ಕೂಡಿಸಿ ನನ್ನ ಹೆಸರು ಬರೆದೆ.